ತೋಟಾ ಸಣ್ಣದಾಯ್ತು

ಓಯ್ವ ಕಣ್ಣು ಮುಚ್ಚಿಕೊಂಡು ಗುಂಡು ಹಾರಿಸುತ್ತಾನೆಂಬ ಸಂಗತಿ ಇಡೀ ಹೌಕಿಲಾಂಪಿ ಹಳ್ಳಿಯಲ್ಲಿ ಓಯ್ವನೊಬ್ಬನಿಗೇ ಗೊತ್ತಿತ್ತು. ಹಾಗೆಂದು ಅವನು ನಂಬಿದ್ದ.

ಹಲಗೆಯ ಮೇಲೆ ಬರೆದ ಮೂಸ್‌ಗೆ ಅವನು ಕಣ್ಣು ಬಿಟ್ಟೇ ಹೊಡೆಯುತ್ತಿದ್ದ. ಮೂರು ವರ್ಷಕ್ಕೊಮ್ಮೆ ನಡೆಯುವ ಪರೀಕ್ಷೆಯಲ್ಲಿ ಎಪ್ಪತ್ತೈದು ಮೀಟರ್ ದೂರದಿಂದ ನಾಲ್ಕಕ್ಕೆ ನಾಲ್ಕು ಗುಂಡನ್ನೂ ಊಟದ ತಟ್ಟೆಯಗಲದ ವೃತ್ತದೊಳಗೆ ಹಾಕಿ ಚೀಟಿ ಪಡೆದು ಬರುತ್ತಿದ್ದ. ಆದರೆ ಕುದುರೆಗಿಂತ ಎತ್ತರದ, ಕಡವೆಯ ಜಾತಿಯ ಜೀವಂತ ಮೂಸ್ ಪೊದೆಯಿಂದ ಹೊರಬಂದು, ಉದ್ದ ಮೂತಿಯೆತ್ತಿ ಇವನತ್ತ ನೋಡಿತೆಂದರೆ, ಬೆರಳು ಒತ್ತುವ ಕ್ಷಣಕ್ಕೆ ಸರಿಯಾಗಿ ರೆಪ್ಪೆಗಳು ಅಪ್ಪಣೆ ಕೇಳದೆ ಮುಚ್ಚಿಕೊಳ್ಳುತ್ತಿದ್ದವು. ಹನ್ನೆರಡು ವರ್ಷದಲ್ಲಿ ಅವನೆದುರು ಬಂದದ್ದು ಮೂರೇ ಮೂಸ್. ಎರಡಕ್ಕೆ ಗುಂಡು ತಾಗಲಿಲ್ಲ, ಅವು ಪುಣ್ಯ ಮಾಡಿದ್ದವು. ಮೂರನೆಯದಕ್ಕೆ ಹೋದ ಅಕ್ಟೋಬರಿನಲ್ಲಿ ತಾಗಿತು.

ಹೊಟ್ಟೆಗೆ ತಾಗಿತು. ಬೇಟೆ ತಂಡದ ಮುಖ್ಯಸ್ಥ ಉಂತೊ ತನ್ನ ಕರಿನಾಯಿ ರೆಮುವನ್ನು ಕರೆದುಕೊಂಡು ಎರಡು ದಿನ ಆ ಹೆಣ್ಣು ಮೂಸ್‌ನ ಹಿಂದೆ ನಡೆದ. ಎರಡನೆಯ ದಿನ ಜೌಗಿನ ನಡುವೆ ಮುಂಗಾಲು ಮಡಚಿ ಕೂತಿದ್ದ ಅದನ್ನು ರೆಮು ಹುಡುಕಿ ಕೊಟ್ಟಿತು. ಉಂತೊ ಕಿವಿಯ ಹಿಂದೆ ಒಂದು ಗುಂಡು ಹಾಕಿ ಮುಗಿಸಿದ. ಕರುಳು ಒಡೆದು ಮಾಂಸ ನಾರುತ್ತಿತ್ತು. ಹತ್ತು ಮನೆಗೆ ಚಳಿಗಾಲವಿಡೀ ಆಗಬೇಕಾಗಿದ್ದದ್ದನ್ನು ಗುಂಡಿ ತೋಡಿ ಹೂತರು.

ಆ ಸಂಜೆ ಬೇಟೆಮನೆಯಲ್ಲಿ ಹತ್ತು ಜನ ಕಾಫಿ ಕುಡಿಯುತ್ತ ಕೂತರು. ಯಾರೂ ಮಾತಾಡಲಿಲ್ಲ. ಅದರಲ್ಲಿ ವಿಶೇಷವೇನಿಲ್ಲ, ಹೌಕಿಲಾಂಪಿಯ ಗಂಡಸರು ಮಗ ಹುಟ್ಟಿದರೂ ಎರಡನೆಯ ಲೋಟದವರೆಗೆ ಮಾತಾಡುವವರಲ್ಲ. ಓಯ್ವನೂ ಸುಮ್ಮನಿದ್ದಿದ್ದರೆ ಆ ಮೌನವೇ ಎಲ್ಲವನ್ನೂ ಮುಚ್ಚಿಬಿಡುತ್ತಿತ್ತು. ಆದರೆ ಅವನಿಗೆ ತಡೆಯಲಾಗಲಿಲ್ಲ.

"ತೋಟಾ ಸಣ್ಣದಾಯ್ತು," ಎಂದ.

ಒಂಬತ್ತು ಲೋಟಗಳು ಮೇಜಿನ ಮೇಲೆ ಇಳಿದವು. ಅವನ ಕೋವಿ ಅಪ್ಪನ ಕಾಲದ್ದು, ಆರೂವರೆ ಮಿಲಿಮೀಟರ್ ಗುಂಡಿನದು. ಅದೇ ಕೋವಿಯಲ್ಲಿ, ಅದೇ ತೋಟಾದಲ್ಲಿ ಅವನಪ್ಪ ನಲವತ್ತೊಂದು ಮೂಸ್ ಹೊಡೆದಿದ್ದ. ನಲವತ್ತೊಂದನೆಯದರ ಪಕ್ಕ ನಿಂತ ಅಪ್ಪನ ಫೋಟೊ ಅದೇ ಕೋಣೆಯ ಗೋಡೆಯಲ್ಲಿತ್ತು. ಆರೂ ಮುಕ್ಕಾಲು ಆಗಿದ್ದರೆ ಐವತ್ತಾಗುತ್ತಿತ್ತೇನೋ ಎಂದು ತಂಡದ ಆಲ್ಪೊ ಫೋಟೊವನ್ನೇ ಕೇಳಿದ. ಓಯ್ವನ ಅಪ್ಪನ ಹತ್ತಿರವೇ ಬೇಟೆ ಕಲಿತ ಉಂತೊ ಮಾತ್ರ ನಗಲಿಲ್ಲ.

"ಹಾಗಾದ್ರೆ ದೊಡ್ಡದು ತಗೋ," ಎಂದ. "ಬರೋ ವರ್ಷ ಈ ಮಾತು ನನ್ನ ಕಿವಿಗೆ ಬೀಳಬಾರದು. ಬಿದ್ದರೆ ಏಳನೇ ಕಾವಲು ಬೇರೆಯವರಿಗೆ."

ಏಳನೇ ಕಾವಲು ಎಂದರೆ ಜೌಗಿನ ಅಂಚಿನ ಒಂದು ಬಂಡೆ. ಅಪ್ಪ ಮೂವತ್ತು ವರ್ಷ ಕೂತದ್ದು ಅದರ ಮೇಲೆ. ಅಲ್ಲಿಂದ ಎಬ್ಬಿಸಿದರೆಂದರೆ ಹೌಕಿಲಾಂಪಿಯಲ್ಲಿ ಅವನು ಟಪಾಲು ಹಂಚುವವನಾಗಿ ಉಳಿಯುತ್ತಾನೆ, ಅಷ್ಟೆ. ಅವನು ಟಪಾಲು ಹಂಚುವವನೇ ಆಗಿದ್ದ. ಆದರೆ ಅಷ್ಟೇ ಆಗಿರುವುದು ಬೇರೆ ಮಾತು.

ಚಳಿಗಾಲವಿಡೀ ಓಯ್ವ ತೋಟಾ ಆರಿಸಿದ. ಮದುವೆಗೆ ಹೆಣ್ಣು ನೋಡಿದಾಗಲೂ ಅವನು ಅಷ್ಟು ಕಾಲ ತೆಗೆದುಕೊಂಡಿರಲಿಲ್ಲ. ಹಳ್ಳಿಯಲ್ಲಿ ನಲವತ್ತಮೂರು ಟಪಾಲು ಡಬ್ಬಿಗಳಿದ್ದವು, ತೋಟಾದ ವಿಷಯಕ್ಕೆ ಮೂರು ಮತಗಳಿದ್ದವು. ಡಬ್ಬಿಗೊಂದು ಪ್ರವಚನವಾಯಿತು. ಆರೂವರೆಯವರು, ಮೂಸ್ ಸಾಯುವುದು ಗುಂಡು ಬಿದ್ದ ಜಾಗದಿಂದಲೇ ಹೊರತು ಗಾತ್ರದಿಂದಲ್ಲ ಎಂದರು. ಆಲ್ಪೊ ಮುನ್ನೂರ ಎಂಟು ಎಂಬ ತೋಟಾದ ಮತದವನು. ಸೈನ್ಯದವರು ಅದನ್ನೇ ಇಟ್ಟುಕೊಂಡಿದ್ದಾರಲ್ಲ, ಅವರೇನು ಹುಚ್ಚರೇ ಎಂಬುದು ಅವನ ವಾದ. ಒಂಬತ್ತು-ಮೂರರವರದು ಸಣ್ಣ ಪಂಗಡ, ಆದರೆ ಉಗ್ರರು. ತಮ್ಮ ಗುಂಡು ಪೊದೆ ಸೀಳಿ ಹೋದರೂ ದಾರಿ ತಪ್ಪುವುದಿಲ್ಲ, ಮಿಕ್ಕವರದ್ದು ಬರ್ಚ್ ಮರದ ಎಲೆ ತಾಗಿದರೂ ತಿರುಗಿ ಮನೆಗೆ ಬರುತ್ತದೆ ಎನ್ನುತ್ತಿದ್ದರು. ಯಾವುದನ್ನು ಕೊಂಡರೂ ಉಳಿದ ಎರಡು ಮತದವರು ಶತ್ರುಗಳಾಗುವುದು ಖಂಡಿತವಿತ್ತು. ಓಯ್ವ ಯಾರೂ ಇಟ್ಟುಕೊಳ್ಳದ ತೋಟಾ ಆರಿಸಿದ: ಮುನ್ನೂರ ಎಪ್ಪತ್ತೈದು. ಅವನ ಹೆಬ್ಬೆರಳಿಗಿಂತ ಉದ್ದದ ಹಿತ್ತಾಳೆ, ಒಂಬತ್ತೂವರೆ ಮಿಲಿಮೀಟರ್ ದಪ್ಪದ ಗುಂಡು. ಆಫ್ರಿಕಾದಲ್ಲಿ ಆನೆಗೆ, ಕಾಡುಕೋಣಕ್ಕೆ ಮಾಡಿದ್ದು.

ಇದರೊಳಗೆ ಅವನದೇ ಒಂದು ಗುಪ್ತ ಲೆಕ್ಕವೂ ಇತ್ತು. ಕಣ್ಣು ಮುಚ್ಚಿ ಹೊಡೆಯುವವನ ಗುಂಡು ತಾನೇ ದಾರಿ ಹುಡುಕಿಕೊಳ್ಳಬೇಕು; ದೊಡ್ಡ ಗುಂಡಿಗೆ ಅದು ಸುಲಭ. ಹೆಣ್ಣು ಮೂಸ್‌ನ ಹೃದಯದಿಂದ ಅವನ ಗುಂಡು ಜಾರಿದ್ದು ಅರವತ್ತು ಸೆಂಟಿಮೀಟರ್. ಅದನ್ನು ಸರಿಪಡಿಸಲು ಅವನು ಕೊಂಡದ್ದು ಮೂರು ಮಿಲಿಮೀಟರ್.

ಹೊಸ ಕೋವಿಗೆ ಪೊಲೀಸರ ಪರವಾನಗಿ ಬೇಕು. ಪಟ್ಟಣದ ಕಚೇರಿಯಲ್ಲಿ ಕೂತಿದ್ದ ಹೆಂಗಸು ಅರ್ಜಿ ಓದಿ ಕನ್ನಡಕ ತೆಗೆದಳು.

"ಇದರಲ್ಲಿ ಆನೆ ಹೊಡೀತಾರಲ್ವಾ? ನೀವು ಯಾವ ಪ್ರಾಣಿಗೆ ಅಂತ ಬರೆದೇ ಇಲ್ಲ."

ಮೂಸ್‌ಗೆ ಎನ್ನಲು ಓಯ್ವನಿಗೆ ನಾಚಿಕೆಯಾಯಿತು. ಮೂಸ್‌ಗೆ ಆರೂವರೆ ಸಾಕೆಂದು ಆ ಹೆಂಗಸಿನ ಅಜ್ಜಿಗೂ ಗೊತ್ತಿರುತ್ತದೆ. ಅವನು ಕಿಟಕಿಯ ಹೊರಗೆ ನೋಡಿದ. ಅವಳು ಕಾದಳು. ಅವನು ಇನ್ನೂ ನೋಡಿದ. ಅವಳು ತಾನೇ ಏನೋ ಒಂದು ಚೌಕದಲ್ಲಿ ಗುರುತು ಹಾಕಿದಳು. ಹಿಂದಿನ ಬೆಂಚಿನಲ್ಲಿ ಪಾಸ್‌ಪೋರ್ಟಿಗೆಂದು ಕೂತಿದ್ದವಳು ಸಿರ್ಕ, ಹೌಕಿಲಾಂಪಿಯ ಏಕೈಕ ಅಂಗಡಿಯ ಒಡತಿ. ಓಯ್ವ ತಿರುಗಿ ನೋಡುವಷ್ಟರಲ್ಲಿ ಅವಳು ಎದ್ದಿದ್ದಳು. ಪಾಸ್‌ಪೋರ್ಟು ಆಮೇಲೂ ಮಾಡಿಸಬಹುದು.

ಹೌಕಿಲಾಂಪಿಯಲ್ಲಿ ಕರಡಿ ಕಂಡವನು ಕರಡಿ ಕಂಡೆ ಎನ್ನುವುದಿಲ್ಲ. ಹೆಸರೆತ್ತಿದರೆ ಅದಕ್ಕೆ ಕೇಳಿಸುತ್ತದೆ, ಕೇಳಿಸಿದರೆ ಮನೆ ಹುಡುಕಿಕೊಂಡು ಬರುತ್ತದೆ ಎಂಬುದು ಅಜ್ಜಿಯರ ಮಾತು. ಈಗ ಅದನ್ನು ಯಾರೂ ನಂಬುವುದಿಲ್ಲ, ಆದರೆ ಎಲ್ಲರೂ ಪಾಲಿಸುತ್ತಾರೆ. ಕಾಡಿನಿಂದ ಬಂದವನನ್ನು ಏನಾದರೂ ಕಂಡೆಯಾ ಎಂದು ಕೇಳಿದಾಗ ಅವನು ಹರಟೆ ಹೊಡೆದರೆ, ಕಂಡಿಲ್ಲ. ಕಿಟಕಿಯ ಹೊರಗೆ ನೋಡಿದರೆ, ಕಂಡಿದ್ದಾನೆ. ಬಾಯಿಬಿಟ್ಟು ಇಲ್ಲವೆಂದನೋ, ತೀರ ಹತ್ತಿರದಿಂದ ಕಂಡಿದ್ದಾನೆ.

ಮರುದಿನ ಬೆಳಿಗ್ಗೆ ಮೊದಲನೆಯ ಡಬ್ಬಿಯ ಬಳಿಯೇ ಮುದುಕಿ ಲೆಂಪಿ ಕಾಯುತ್ತಿದ್ದಳು. ಜೌಗಿನ ಕಡೆಯೇ ಎಂದು ಗಲ್ಲದಿಂದ ತೋರಿಸಿ ಕೇಳಿದಳು. ಏನು ಜೌಗಿನ ಕಡೆ ಎಂದ ಓಯ್ವ. ಅವಳು ತಲೆಯಾಡಿಸಿ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಆರನೆಯ ಡಬ್ಬಿಯ ಹೊತ್ತಿಗೆ ಓಯ್ವನಿಗೆ ವಿಷಯ ಅರ್ಥವಾಯಿತು. ಅವನಿಗೆ ಸಿಟ್ಟು ಬಂತು. ಕರಡಿ ಇಲ್ಲ, ತಾನು ಕಂಡಿಲ್ಲ ಎಂದು ಉಳಿದ ಮೂವತ್ತೇಳು ಡಬ್ಬಿಗಳ ಬಳಿಯೂ ನಿಂತು ಸ್ಪಷ್ಟವಾಗಿ, ಬಾಯಿಬಿಟ್ಟು, ಹೆಸರು ಹಿಡಿದೇ ಹೇಳಿದ. ಮಧ್ಯಾಹ್ನದ ವೇಳೆಗೆ ಶಾಲೆಯ ಟ್ಯಾಕ್ಸಿ ಮಕ್ಕಳನ್ನು ತಿರುವಿನಲ್ಲಿ ಇಳಿಸುವುದು ಬಿಟ್ಟು ಮನೆಯ ಮೆಟ್ಟಿಲಿಗೇ ತಂದುಬಿಡತೊಡಗಿತು.

ಮೇ ತಿಂಗಳಲ್ಲಿ ಕೋವಿ ಬಂತು. ಹಳೆಯ ಮರಳುಗುಂಡಿಗೆ ಹೋಗಿ ಓಯ್ವ ಒಂದು ಗುಂಡು ಹಾರಿಸಿದ. ಕೋವಿ ಕತ್ತೆಯಂತೆ ಹಿಂದಕ್ಕೆ ಒದ್ದು, ಅದರ ಮೇಲಿನ ದುರ್ಬೀನಿನ ಅಂಚು ಹುಬ್ಬಿನ ಮೇಲೆ ಅರ್ಧಚಂದ್ರ ಕೊರೆಯಿತು. ನಾಲ್ಕು ಹೊಲಿಗೆ ಬಿತ್ತು. ಅಂದಿನಿಂದ ಹಲಗೆ ಕಂಡರೂ ಅವನ ಕಣ್ಣು ಮುಚ್ಚಿಕೊಳ್ಳತೊಡಗಿತು. ಅದೃಷ್ಟಕ್ಕೋ ದುರದೃಷ್ಟಕ್ಕೋ ಪರೀಕ್ಷೆಯ ಚೀಟಿಗೆ ಇನ್ನೂ ಒಂದು ವರ್ಷ ಆಯಸ್ಸಿತ್ತು.

ಪಟ್ಟಿ ಕಟ್ಟಿಕೊಂಡು ಅಂಗಡಿಗೆ ಹೋದರೆ ಸಿರ್ಕ ಕಾಫಿಯನ್ನು ಕೇಳದೆ ಕೊಟ್ಟಳು.

"ಏನಾಯ್ತು ಹುಬ್ಬಿಗೆ?"

"ಕೋವಿ ಒದೀತು."

"ಹೌದೌದು," ಎಂದಳು ಸಿರ್ಕ, ಮಗುವಿಗೆ ಹೇಳುವ ಹಾಗೆ. "ಕೋವಿ." ಆಮೇಲೆ ಮೇಜಿನ ಸುತ್ತ ಕೂತಿದ್ದವರ ಕಡೆ ತಿರುಗಿ ತನ್ನ ಐದು ಬೆರಳನ್ನೂ ಪಂಜದ ಉಗುರಿನಂತೆ ಬಾಗಿಸಿ ತೋರಿಸಿದಳು. ಆಲ್ಪೊ ಎದ್ದು ಓಯ್ವನಿಗೆ ಕುರ್ಚಿ ಬಿಟ್ಟುಕೊಟ್ಟ. ಅವನು ತನ್ನ ಸ್ವಂತ ಮಾವನಿಗೂ ಕುರ್ಚಿ ಬಿಟ್ಟುಕೊಟ್ಟವನಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ಆ ಕುರ್ಚಿಯಲ್ಲಿ ಓಯ್ವ ಕೂತ. ಬೇಡವೆನ್ನಬಹುದಾಗಿತ್ತು. ಅಪ್ಪ ಸತ್ತ ಮೇಲೆ ಹನ್ನೆರಡು ವರ್ಷದಲ್ಲಿ ಅವನಿಗಾಗಿ ಯಾರೂ ಎದ್ದು ನಿಂತಿರಲಿಲ್ಲ. ಕೂತು, ಕಾಫಿ ಕುಡಿದು, ಕಿಟಕಿಯ ಹೊರಗೆ ನೋಡಿದ.

ಬೇಸಿಗೆ ಹಾಗೇ ಏರಿತು. ಲೆಂಪಿ ತನ್ನ ಒಂಬತ್ತು ಕುರಿಗಳನ್ನು ಸಂಜೆಯಾದರೆ ಸೌನಾ ಎಂಬ ಹಬೆಸ್ನಾನದ ಕೋಣೆಯಲ್ಲಿ ಕೂಡಿಹಾಕತೊಡಗಿದಳು. ಮೂರು ಶನಿವಾರದಿಂದ ಸ್ನಾನವಿಲ್ಲ, ಕುರಿಗಳೇ ನನಗಿಂತ ಶುಚಿಯಾಗಿವೆ ಎಂದು ಡಬ್ಬಿಯ ಬಳಿ ಓಯ್ವನನ್ನು ಬೈದಳು. ಬೈಗುಳದಲ್ಲಿ ಒಂದು ಬಗೆಯ ಮರ್ಯಾದೆಯಿತ್ತು. ಜೌಗಿನಲ್ಲಿ ಹಣ್ಣು ಮಾಗಿ ಕೊಳೆಯಿತು, ಯಾರೂ ಕೀಳಲು ಹೋಗಲಿಲ್ಲ. ಜುಲೈನಲ್ಲಿ ದೊಡ್ಡ ಮೃಗಗಳ ಗುರುತು ಪರಿಶೀಲಿಸುವ ಅಧಿಕಾರಿ ಅಳತೆ ಪಟ್ಟಿ ಹಿಡಿದು ಬಂದ. ತಲೆನೋವು ಬಂದವನ ಮುಖ. ನೇರ ಓಯ್ವನ ಅಡುಗೆಮನೆಗೇ ಬಂದು ಕೂತ.

"ಏನು ನೋಡಿದ್ರಿ?"

"ಏನೂ ನೋಡಿಲ್ಲ."

"ಎಲ್ಲಿ?"

"ಎಲ್ಲೂ ಇಲ್ಲ."

"ಒಂದೇನಾ, ಮರಿಗಳೂ ಇದ್ವಾ?"

ಓಯ್ವ ಮುಖ ಮುಚ್ಚಿಕೊಂಡ. ಸಾಕ್ಷಿ ಅನುಭವಸ್ಥ, ಜಾಗವನ್ನು ಬಿಟ್ಟುಕೊಡಲು ಸಿದ್ಧನಿಲ್ಲ ಎಂದು ಅಧಿಕಾರಿ ಬರೆದುಕೊಂಡ. ಆಮೇಲೆ ಜೌಗಿಗೆ ಹೋಗಿ ಪಾಚಿಯ ಮೇಲಿನ ಒಂದು ತಗ್ಗನ್ನು ಅಳೆದ. ಹದಿನಾಲ್ಕು ಸೆಂಟಿಮೀಟರ್ ಅಗಲ. ಅದು ಆಲ್ಪೊನ ರಬ್ಬರ್ ಬೂಟಿನ ಹಿಮ್ಮಡಿ ಇರಬಹುದೆಂದು ಉಂತೊ ಹೇಳಿದ. ಬೂಟು ಊರೊಳಗೆ ಭೀತಿ ಹುಟ್ಟಿಸುವುದಿಲ್ಲ ಎಂದ ಅಧಿಕಾರಿ. ಆಗಸ್ಟಿನಲ್ಲಿ ಒಂದು ಕರಡಿ ಹೊಡೆಯಲು ಅನುಮತಿ ಬಂತು.

ಅನುಮತಿ ಪತ್ರವನ್ನು ಟಪಾಲಿನಲ್ಲಿ ಉಂತೊಗೆ ತಲುಪಿಸಿದವನು ಓಯ್ವನೇ.

ಬೇಟೆಯ ದಿನ ಬೆಳಿಗ್ಗೆ ಹೆಂಡತಿ ಹಿಲ್ಕ ರೈ ಹಿಟ್ಟಿನ ರೊಟ್ಟಿಗೆ ಬೆಣ್ಣೆ ಸವರಿ ಕಾಗದದಲ್ಲಿ ಸುತ್ತುತ್ತಿದ್ದಳು.

"ನಿಜ ಹೇಳಿಬಿಡು ಅವರಿಗೆ," ಎಂದಳು, ತಲೆಯೆತ್ತದೆ.

"ಆರು ತಿಂಗಳಿಂದ ದಿನಾ ಹೇಳ್ತಾ ಇದ್ದೀನಿ, ಕರಡಿ ಇಲ್ಲ ಅಂತ."

"ಅದಲ್ಲ. ಇನ್ನೊಂದು."

ಓಯ್ವ ಬೂಟಿನ ದಾರ ಕಟ್ಟುವುದನ್ನು ನಿಲ್ಲಿಸಿದ.

"ಯಾವ ಇನ್ನೊಂದು?"

"ನಮ್ಮ ಮದುವೆ ಫೋಟೊದಲ್ಲಿ ನಿನ್ನ ಕಣ್ಣು ಮುಚ್ಚಿದೆ. ಮಗಳ ನಾಮಕರಣದಲ್ಲೂ ಮುಚ್ಚಿದೆ. ಲೈಸೆನ್ಸಿನ ಫೋಟೊ ಐದು ಸಲ ತೆಗೆಸಿದ್ದು ಯಾಕೆ ಅಂತ ನನಗೆ ಗೊತ್ತಿಲ್ವಾ? ಕ್ಲಿಕ್ ಅನ್ನೋದಕ್ಕೇ ಮುಚ್ಚುತ್ತೆ. ಢಮ್ ಅನ್ನೋದಕ್ಕೆ ಬಿಟ್ಕೊಂಡಿರುತ್ತಾ?" ರೊಟ್ಟಿಯನ್ನು ಅವನ ಚೀಲಕ್ಕೆ ತುರುಕಿದಳು. "ಮಂಡಿ ನೋವು ಅಂತ ಹೇಳಿ ಇವತ್ತೊಂದಿನ ಮನೇಲಿರು."

ಮಂಡಿ ನೋವೆಂದರೆ ಏಳನೇ ಕಾವಲು ಹೋಯಿತು. ಓಯ್ವ ದಾರ ಬಿಗಿದು ಎದ್ದ.

ಜೌಗಿನ ಮೇಲೆ ಮಂಜು ಮಂಡಿಯುದ್ದ ನಿಂತಿತ್ತು. ಒಬ್ಬೊಬ್ಬರನ್ನೇ ಕಾವಲಿಗೆ ಹಂಚಿ ಕೊನೆಗೆ ಉಂತೊ ಅವನನ್ನು ಏಳನೆಯ ಬಂಡೆಯವರೆಗೆ ತಾನೇ ಕರೆತಂದ. ಊರಿನಲ್ಲಿ ಕರಡಿಗೆ ಸರಿಯಾದ ತೋಟಾ ಇರುವವನು ಇವನೊಬ್ಬನೇ ಎಂದು ಎಲ್ಲರೂ ಒಪ್ಪಿದ್ದರಿಂದ ಉತ್ತಮ ಜಾಗ ಅವನದೇ ಆಗಿತ್ತು. ರೆಮು ಉಂತೊನ ಬೂಟಿಗೆ ಒರಗಿ ನಿಂತು ಗಾಳಿ ಮೂಸುತ್ತಿತ್ತು. ಒಂಬತ್ತು ವರ್ಷದ ನಾಯಿ, ಎದೆಯ ಮೇಲಿನ ಒಂದು ಬಿಳಿ ಮಚ್ಚೆ ಬಿಟ್ಟರೆ ಪೂರ್ತಿ ಕಪ್ಪು. ತನ್ನ ಕತ್ತಿನ ಕಿತ್ತಳೆ ಪಟ್ಟಿಯನ್ನು ಪೊದೆಗಳಿಗೆ ಸಿಕ್ಕಿಸಿ ಕಳಚಿಕೊಳ್ಳುವುದು ಅದರ ಹಳೆಯ ಚಾಳಿ.

"ಕಪ್ಪಗಿರೋದಕ್ಕೆಲ್ಲ ಹೊಡೀಬೇಡ ಕಣಯ್ಯಾ," ಎಂದ ಉಂತೊ. "ನೋಡಿ ಹೊಡಿ."

"ಉಂತೊ..."

"ಏನು?"

ಉಂತೊ ನಿಜವಾಗಿಯೂ ಕಾದ. ಕಾಯುವುದು ಅವನಿಗೆ ಬರುತ್ತಿತ್ತು. ಓಯ್ವ ಬಂಡೆಯನ್ನು ನೋಡಿದ. ಅಪ್ಪ ಕೂತು ಕೂತು ಪಾಚಿ ಸವೆದ ಜಾಗ ಇನ್ನೂ ಬೆಳ್ಳಗಿತ್ತು.

"ಏನಿಲ್ಲ," ಎಂದ.

ಒಂದು ಗಂಟೆಯ ಮೇಲೆ ಕಾಡಿನೊಳಗೆ ರೆಮು ಬೊಗಳಿತು. ಮೊದಲು ದೂರ, ಆಮೇಲೆ ಹತ್ತಿರ, ಆಮೇಲೆ ನಿಂತುಹೋಯಿತು. ಅದು ಅಟ್ಟಿಸಿಕೊಂಡು ಬಂದದ್ದು ಏನನ್ನೋ ಇಂದಿಗೂ ಯಾರಿಗೂ ತಿಳಿಯದು. ಓಯ್ವ ಕೋವಿ ಎತ್ತಿದ. ಈ ಸಲ ಕಣ್ಣು ಮುಚ್ಚಬಾರದೆಂದು ತುಟಿ ಕಚ್ಚಿದ, ಹುಬ್ಬು ಏರಿಸಿದ, ಹೊಲಿಗೆಯ ಕಲೆ ಚುರುಗುಟ್ಟಿತು. ಪೊದೆ ಅಲುಗಿತು. ಮಂಜಿನ ಮೇಲೆ ಕಪ್ಪಗೆ ಒಂದು ಬೆನ್ನು ಕಂಡಿತು. ಆರು ತಿಂಗಳಿಂದ ಇಲ್ಲ ಇಲ್ಲ ಎಂದು ಹೇಳಿ ಹೇಳಿ ಓಯ್ವನೇ ಕರಡಿ ಇದೆಯೆಂದು ನಂಬಿಬಿಟ್ಟಿದ್ದ. ಬೆರಳು ಒತ್ತಿತು. ರೆಪ್ಪೆ ಮುಚ್ಚಿತು.

ಹನ್ನೆರಡು ವರ್ಷದಲ್ಲಿ ಮೊದಲ ಬಾರಿಗೆ ಅವನ ಗುಂಡು ಹೋಗಬೇಕಾದ ಕಡೆಯೇ ಹೋಯಿತು.

ಓಯ್ವ ಓಡಿ ಬಂದು ನಿಂತ. ಎದುರಿನಿಂದ ಉಂತೊ ಓಡಲಿಲ್ಲ, ನಡೆದು ಬಂದ. ಬಂದು ನೋಡಿದ. ರೆಮುವಿನ ಎದೆಯ ಬಿಳಿ ಮಚ್ಚೆ ಎಲ್ಲಿತ್ತೆಂದು ಹೇಳುವಂತಿರಲಿಲ್ಲ. ಅಲ್ಲಿ ಎದೆಯೇ ಇರಲಿಲ್ಲ. ಉಂತೊನ ಜೇಬಿನ ರೇಡಿಯೊದಲ್ಲಿ ಆಲ್ಪೊ, ಬಿತ್ತಾ, ಎಷ್ಟು ದೊಡ್ಡದು, ನಮಗೂ ಹೇಳ್ರಪ್ಪಾ ಎಂದು ಕೇಳುತ್ತಲೇ ಇದ್ದ. ಉಂತೊ ಅದನ್ನು ಆರಿಸಿದ. ನಾಯಿಯ ಪಕ್ಕ ಮಂಡಿಯೂರಿ ಕೂತ.

"ತೋಟಾ ಸಣ್ಣದಾಯ್ತು ಅನ್ನೋ ಹಾಗಿಲ್ಲ ಈ ಸಲ."

ಓಯ್ವ ಆಗ ಹೇಳಿದ. ಹಲಗೆಗೆ ಕಣ್ಣು ಬಿಟ್ಟಿರುತ್ತಿದ್ದದ್ದು, ಜೀವಕ್ಕೆ ಮುಚ್ಚುವುದು, ಹೆಣ್ಣು ಮೂಸ್, ಕಚೇರಿಯ ಕಿಟಕಿ, ಸಿರ್ಕಳ ಅಂಗಡಿಯ ಕುರ್ಚಿ, ಎಲ್ಲವನ್ನೂ ಒಂದರ ಹಿಂದೊಂದು ಹೇಳಿದ. ಅವನು ಹುಟ್ಟಿದಂದಿನಿಂದ ಒಟ್ಟಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು. ಉಂತೊ ಅಂಗಿಯ ಮೇಲಿನ ಕೋಟು ಬಿಚ್ಚಿ ನೆಲಕ್ಕೆ ಹಾಸಿ, ಉಳಿದದ್ದನ್ನು ಅದರಲ್ಲಿ ಸುತ್ತುತ್ತಿದ್ದ.

"ಕರಡಿ ಇಲ್ಲ ಅಂತ ಎಷ್ಟು ಸಲ ಹೇಳಿದೆ ನೀನು?"

"ಲೆಕ್ಕ ಇಲ್ಲ."

"ಕಣ್ಣು ಮುಚ್ತೀನಿ ಅಂತ ಒಂದು ಸಲ ಹೇಳಿದ್ರೆ ಸಾಕಿತ್ತು."

ಗಂಟು ಹೊತ್ತುಕೊಂಡು ಹೋದ. ಎತ್ತಿಕೊಡಲು ಓಯ್ವ ಕೈ ಚಾಚಿದ್ದನ್ನು ಅವನು ನೋಡಲಿಲ್ಲ, ಅಥವಾ ನೋಡಿದ.

ಕರಡಿ ಮಾತ್ರ ಹೌಕಿಲಾಂಪಿಯಲ್ಲಿ ಸಾಯಲಿಲ್ಲ. ಗುಂಡಿನ ಸದ್ದಿಗೆ ಅದು ಕೆರೆ ದಾಟಿ ಪಕ್ಕದ ಊರಿಗೆ ಹೋಯಿತೆಂದು ಸಿರ್ಕ ಖಚಿತವಾಗಿ ಹೇಳಿದಳು. ಲೆಂಪಿಯ ಕುರಿಗಳು ಹೊರಬಂದವು, ಆದರೆ ಸೌನಾದ ವಾಸನೆ ಕ್ರಿಸ್‌ಮಸ್‌ವರೆಗೂ ಹೋಗಲಿಲ್ಲ. ಓಯ್ವ ದೊಡ್ಡ ಕೋವಿಯನ್ನು ಮಾರಲು ಹೊರಟ; ಯಾರೂ ಕೊಳ್ಳಲಿಲ್ಲ. ಅಪ್ಪನ ಕೋವಿಯನ್ನು ಆಲ್ಪೊನ ಮಗಳು ಕೇಳಿದಳು, ಕೊಟ್ಟ. ಏಳನೇ ಕಾವಲನ್ನೂ ಉಂತೊ ಅವಳಿಗೇ ಕೊಟ್ಟ. ಅಕ್ಟೋಬರಿನ ಮೊದಲ ಬೆಳಿಗ್ಗೆಯೇ ಅವಳು ಆರೂವರೆಯ ಒಂದೇ ಗುಂಡಿನಲ್ಲಿ ದೊಡ್ಡ ಗಂಡು ಮೂಸನ್ನು ಬೀಳಿಸಿದಳು. ಅದು ಹತ್ತು ಹೆಜ್ಜೆಯೂ ಹೋಗಲಿಲ್ಲ. ಅವಳು ಬೇಟೆಮನೆಯಲ್ಲಿ ತೋಟಾದ ಬಗ್ಗೆ ಏನೂ ಹೇಳಲಿಲ್ಲ.

ಓಯ್ವನನ್ನು ತಂಡದಿಂದ ತೆಗೆದಿರಲಿಲ್ಲ. ಯಾರೂ ಆ ಮಾತೆತ್ತಿರಲಿಲ್ಲ, ಹಾಗಾಗಿ ಅವನು ಬಂದ. ಸೌದೆ ಒಡೆದ, ಕಾಫಿ ಕಾಸಿದ, ಚರ್ಮ ಸುಲಿಯುವಾಗ ಕಾಲು ಹಿಡಿದ. ಮಾಂಸ ಕತ್ತರಿಸಿ ಉದ್ದ ಹಲಗೆಯ ಮೇಲೆ ಗುಡ್ಡೆ ಹಾಕಿದ್ದಾಯಿತು. ಪಾಲು ಹಂಚುವ ಕ್ರಮ ಅಜ್ಜಂದಿರ ಕಾಲದ್ದು: ಒಬ್ಬ ಗೋಡೆಗೆ ಮುಖ ಮಾಡಿ ನಿಲ್ಲುತ್ತಾನೆ, ಇನ್ನೊಬ್ಬ ಒಂದು ಗುಡ್ಡೆಗೆ ಚಾಕು ತಾಗಿಸಿ ಯಾರದ್ದು ಎಂದು ಕೇಳುತ್ತಾನೆ, ನಿಂತವನು ನೋಡದೆ ಒಂದು ಹೆಸರು ಹೇಳುತ್ತಾನೆ. ಮೋಸವಿಲ್ಲ, ತಕರಾರಿಲ್ಲ. ಪ್ರತಿ ವರ್ಷ ಹತ್ತು ಮನೆಗೆ ಹತ್ತು, ಮೃಗವನ್ನು ತಡೆದು ನಿಲ್ಲಿಸಿದ್ದಕ್ಕೆ ರೆಮುವಿಗೆ ಒಂದು, ಒಟ್ಟು ಹನ್ನೊಂದು ಗುಡ್ಡೆ. ಈ ವರ್ಷ ಹತ್ತೇ.

"ಓಯ್ವ ನಿಲ್ಲಲಿ," ಎಂದ ಉಂತೊ. "ನೋಡದೆ ಮಾಡೋ ಕೆಲಸ."

ಆಲ್ಪೊ ನಗಲು ಬಾಯಿ ತೆರೆದು, ಉಂತೊನ ಮುಖ ನೋಡಿ ಮುಚ್ಚಿಕೊಂಡ.

ಉಂತೊ ಚಾಕು ಹಿಡಿದ, ಓಯ್ವ ಗೋಡೆಗೆ ಮುಖ ಮಾಡಿ ನಿಂತ. ಮೂಗಿನ ಮುಂದೆಯೇ ಅಪ್ಪನ ಫೋಟೊ, ನಲವತ್ತೊಂದನೆಯದರ ಜೊತೆ. ಅಪ್ಪನ ಕಣ್ಣು ಅಗಲವಾಗಿ ತೆರೆದಿತ್ತು.

"ಯಾರದ್ದು?"

"ಆಲ್ಪೊಂದು."

"ಇದು?"

"ನಿನ್ನದು."

ಹೆಸರುಗಳು ಒಂದೊಂದಾಗಿ ಹೋದವು. ಚೀಲಗಳ ಸದ್ದು ಬಂತು. ಐದು, ಆರು, ಏಳು. ವರ್ಷಗಟ್ಟಲೆ ಕೇಳಿಸಿಕೊಂಡ ಹೆಸರುಗಳು, ನಾಲಿಗೆ ತಾನಾಗಿ ಹೇಳುತ್ತಿತ್ತು. ಒಂಬತ್ತು.

"ಇದು ಯಾರದ್ದು?"

"ರೆಮುವಿಂದು," ಎಂದ ಓಯ್ವ.

ಬೆನ್ನ ಹಿಂದೆ ಚೀಲಗಳ ಸದ್ದು ನಿಂತಿತು. ಒಲೆಯೊಳಗೆ ಸೌದೆ ಸಿಡಿಯಿತು. ಬಾಯಿಂದ ಹೋದದ್ದನ್ನು ತಿರುಗಿ ಕರೆಯುವ ಪದ್ಧತಿ ಇರಲಿಲ್ಲ. ಗೋಡೆಗೆ ಮುಖ ಮಾಡಿ ಹೇಳಿದ ಹೆಸರು ಹೇಳಿದ್ದೇ. ಹಲಗೆಯ ಮೇಲೆ ಅದೇ ಕೊನೆಯ ಗುಡ್ಡೆ ಎಂದೂ, ಕರೆಯದೆ ಉಳಿದ ಹೆಸರು ತನ್ನದೆಂದೂ ಓಯ್ವನಿಗೆ ಲೆಕ್ಕ ಸಿಗಲು ಸ್ವಲ್ಪ ಹೊತ್ತು ಬೇಕಾಯಿತು.

ಉಂತೊ ಗುಡ್ಡೆಯನ್ನು ಎತ್ತಿ ತನ್ನ ಚೀಲಕ್ಕೆ ಹಾಕಿಕೊಳ್ಳುವ ಸದ್ದು ಕೇಳಿಸಿತು. ಚಾಕು ಒರೆಸಿ ಒರೆಯೊಳಗೆ ಇಳಿಸಿದ ಸದ್ದು. ಆಮೇಲೆ ಅವನ ದನಿ, ಎಂದಿನಂತೆಯೇ.

"ಮುಗೀತು ಓಯ್ವ. ಕಣ್ಣು ಬಿಡು."